ಟ್ರೇಲರಿನಲ್ಲಿ ಮೋಟಾರ್ ಸೈಕಲ್: ಕಟ್ಟಿ ಸಾಗಿಸುವ ಕ್ರಮ

ಟ್ರ್ಯಾಕ್ಟರಿನ ಟ್ರೇಲರು ಗೊಬ್ಬರ, ಹುಲ್ಲು, ಕಬ್ಬು, ಇಟ್ಟಿಗೆ ಎಲ್ಲವನ್ನೂ ಹೊರುತ್ತದೆ. ಆಗೊಮ್ಮೆ ಈಗೊಮ್ಮೆ ಅದೇ ಟ್ರೇಲರಿನಲ್ಲಿ ಮೋಟಾರ್ ಸೈಕಲ್ಲನ್ನೂ ಸಾಗಿಸಬೇಕಾಗುತ್ತದೆ. ಹೊಲದ ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಪೇಟೆಯ ಮೆಕ್ಯಾನಿಕ್ಕಿನ ಬಳಿಗೆ ಒಯ್ಯುವುದು, ಕಬ್ಬು ಕಡಿಯಲು ತಿಂಗಳುಗಟ್ಟಲೆ ದೂರ ಹೋಗುವವರು ಪಾತ್ರೆ ಪಗಡೆಗಳ ಜೊತೆ ಗಾಡಿಯನ್ನೂ ಏರಿಸಿಕೊಳ್ಳುವುದು ಸಾಮಾನ್ಯ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಹಳ್ಳಿಗಳಿಗೆ ಬಂದಂತೆ ಹೊಳೆ ಏರಿ ಬಂದಾಗಲಂತೂ ಇದ್ದದ್ದನ್ನೆಲ್ಲ ಟ್ರೇಲರಿಗೆ ಹಾಕಿಕೊಂಡು ಎತ್ತರದ ಜಾಗಕ್ಕೆ ಹೊರಡಬೇಕಾಗುತ್ತದೆ.

ಇಂಥ ಸಂದರ್ಭಗಳಲ್ಲಿ ಎಲ್ಲೆಡೆ ಕಾಣುವ ಪದ್ಧತಿ ಹೆಚ್ಚುಕಡಿಮೆ ಒಂದೇ. ನಾಲ್ವರು ಸೇರಿ ಗಾಡಿಯನ್ನು ಎತ್ತಿ ಟ್ರೇಲರಿಗೆ ಹಾಕುತ್ತಾರೆ. ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲಿಗೆ ಹಗ್ಗ ಸುತ್ತಿ, ಟ್ರೇಲರಿನ ಪಕ್ಕದ ಹಲಗೆಗೆ ಬಿಗಿಯುತ್ತಾರೆ. ಅಷ್ಟಕ್ಕೆ ಧೈರ್ಯ ಸಾಲದೆ ಮನೆಯ ಹುಡುಗನೊಬ್ಬನನ್ನು ಸೀಟಿನ ಮೇಲೆ ಕೂರಿಸಿ, "ಗಟ್ಟಿಯಾಗಿ ಹಿಡಿದುಕೊಂಡಿರಪ್ಪಾ" ಎಂದು ಹೇಳಿ ಟ್ರ್ಯಾಕ್ಟರ್ ಬಿಡುತ್ತಾರೆ.

ಹಗ್ಗ ಮಾಡಬೇಕಾದ ಕೆಲಸವನ್ನು ಹುಡುಗನಿಂದ ಮಾಡಿಸುವ ಈ ರೂಢಿಯೇ ಅಪಾಯದ ಮೂಲ. 100 ಸಿ.ಸಿ.ಯ ಸಾಧಾರಣ ಗಾಡಿಯ ತೂಕವೇ ಸುಮಾರು 110 ಕಿಲೊ. 350 ಸಿ.ಸಿ.ಯ ಬುಲೆಟ್ಟು ಸುಮಾರು 190 ಕಿಲೊ ತೂಗುತ್ತದೆ. ಟ್ರೇಲರು ಗುಂಡಿಗೆ ಇಳಿದು ಗಾಡಿ ವಾಲಿತೆಂದರೆ ಅಷ್ಟು ಭಾರವನ್ನು ಯಾವ ಕೈಯೂ ತಡೆಯಲಾರದು. ಹುಡುಗನ ಕಾಲು ಗಾಡಿಗೂ ಹಲಗೆಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಹುಡುಗನೇ ಹಲಗೆ ದಾಟಿ ಹೊರಕ್ಕೆ, ಚಕ್ರದ ಬದಿಗೆ ಬೀಳುತ್ತಾನೆ. ಟ್ರೇಲರು ಜನರನ್ನು ಕೊಂಡೊಯ್ಯುವ ವಾಹನವಲ್ಲ ಎಂಬುದು ಬೇರೆ ಮಾತು. ಸರಿಯಾಗಿ ಕಟ್ಟಿದ ಗಾಡಿಗೆ ಹಿಡಿಯುವವರು ಬೇಕಿಲ್ಲ. ಹಿಡಿಯುವವರು ಬೇಕೆನ್ನಿಸಿದರೆ ಕಟ್ಟಿದ್ದು ಸರಿಯಾಗಿಲ್ಲವೆಂದು ತಿಳಿದು, ಬಿಚ್ಚಿ ಮತ್ತೊಮ್ಮೆ ಕಟ್ಟಬೇಕು.

ಗಾಡಿ ಏಕೆ ಬೀಳುತ್ತದೆ?

ಚಲಿಸುವ ಟ್ರೇಲರಿನಲ್ಲಿ ಗಾಡಿಯು ಮೂರು ಕಡೆಗೆ ಹೋಗಲು ನೋಡುತ್ತದೆ. ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಟ್ರ್ಯಾಕ್ಟರು ಏಳು ಮೀಟರಿನೊಳಗೆ ನಿಂತರೆ, 110 ಕಿಲೊ ಗಾಡಿಯು ಸುಮಾರು 55 ಕಿಲೊ ಬಲದಿಂದ ಮುಂದಕ್ಕೆ ತಳ್ಳುತ್ತದೆ. ತಿರುವಿನಲ್ಲಿ, ಅಥವಾ ಒಂದು ಬದಿಯ ಚಕ್ರ ಗುಂಡಿಗೆ ಇಳಿದಾಗ, ಪಕ್ಕಕ್ಕೆ ವಾಲುತ್ತದೆ. ರಸ್ತೆ ಸಾಗಣೆಯಲ್ಲಿ ಹೊರೆ ಬಿಗಿಯುವುದಕ್ಕೆ ಯುರೋಪಿನಲ್ಲಿ ಬಳಕೆಯಲ್ಲಿರುವ ಮಾನಕದ ಪ್ರಕಾರ, ಮುಂದಕ್ಕೆ ಹೊರೆಯ ತೂಕದ ಶೇ. 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು ಬಲವನ್ನು ತಡೆಯುವಂತೆ ಕಟ್ಟಬೇಕು. ನಮ್ಮ ಗಾಡಿಯ ಲೆಕ್ಕಕ್ಕೆ ಇದು 88 ಕಿಲೊ ಮತ್ತು 55 ಕಿಲೊ ಆಗುತ್ತದೆ.

ಮೂರನೆಯದು ಮೇಲಕ್ಕೆ ನೆಗೆಯುವುದು. ಇದನ್ನು ಬಹಳ ಜನ ಮರೆಯುತ್ತಾರೆ. ಹಲವು ಎರಡು ಚಕ್ರದ ಟ್ರೇಲರುಗಳಿಗೆ ಸ್ಪ್ರಿಂಗ್ ಪಟ್ಟಿಗಳೇ ಇರುವುದಿಲ್ಲ. ಅವುಗಳ ಟೈರಿಗೆ ಟನ್ನುಗಟ್ಟಲೆ ಹೊರೆಯ ಲೆಕ್ಕದಲ್ಲಿ ಗಾಳಿ ತುಂಬಿರುತ್ತದೆ. ಆದ್ದರಿಂದ ತುಂಬಿದ ಟ್ರೇಲರಿಗಿಂತ ಬರಿದಾದ ಟ್ರೇಲರೇ ಹೆಚ್ಚು ಕುಕ್ಕುತ್ತದೆ. ಒಂದೇ ಒಂದು ಗಾಡಿಯನ್ನು ಹೊತ್ತ ಟ್ರೇಲರು ಬರಿದಾದುದಕ್ಕೆ ಸಮ. ಟ್ರೇಲರಿನ ತಳ ಕೆಳಕ್ಕಿಳಿದಾಗ ಗಾಡಿ ಅರೆಗಳಿಗೆ ಗಾಳಿಯಲ್ಲಿ ನಿಂತಂತಾಗುತ್ತದೆ. ಆ ಅರೆಗಳಿಗೆಯಲ್ಲೇ ಹಗ್ಗ ಸಡಿಲವಾಗುತ್ತದೆ, ಕೊಕ್ಕೆ ಜಾರುತ್ತದೆ, ಸ್ಟ್ಯಾಂಡು ಮಡಚಿಕೊಳ್ಳುತ್ತದೆ.

ಸ್ಟ್ಯಾಂಡನ್ನು ನಂಬಬಾರದೆನ್ನಲು ಇನ್ನೊಂದು ಕಾರಣವಿದೆ. ಪಕ್ಕದ ಸ್ಟ್ಯಾಂಡಾಗಲಿ ನಡುವಿನ ಸ್ಟ್ಯಾಂಡಾಗಲಿ, ಗಾಡಿಯನ್ನು ಮುಂದಕ್ಕೆ ತಳ್ಳಿದರೆ ಹಿಂದಕ್ಕೆ ಮಡಚಿಕೊಳ್ಳುವಂತೆ ಮಾಡಿದುದು. ಮನೆಯ ಅಂಗಳದಲ್ಲಿ ಅದು ಅನುಕೂಲ. ಟ್ರೇಲರಿನಲ್ಲಿ ಪ್ರತಿ ಬ್ರೇಕೂ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ.

ಏರಿಸುವುದು

ಎರಡು ಚಕ್ರದ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸದೆ ಗಾಡಿ ಏರಿಸಲೇಬಾರದು. ಗಾಡಿಯ ಮತ್ತು ಅದನ್ನು ತಳ್ಳುವವರ ಭಾರ ಅಚ್ಚಿನ ಹಿಂದೆ ಬಿದ್ದೊಡನೆ ಟ್ರೇಲರಿನ ಮೂತಿ ಮೇಲಕ್ಕೆದ್ದು ಎಲ್ಲವೂ ಹಿಂದಕ್ಕೆ ಉರುಳುತ್ತದೆ. ಕೊಂಡಿಯ ಪಿನ್ನು ಹಾಕಿ, ಟ್ರ್ಯಾಕ್ಟರಿನ ಬ್ರೇಕು ಬಿಗಿದು, ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಕೆಲಸ ತೊಡಗಬೇಕು.

ಟ್ರೇಲರಿನ ತಳ ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿರುತ್ತದೆ. ಆರು ಅಡಿಯ ಹಲಗೆ ಇಟ್ಟರೆ 110 ಕಿಲೊ ಗಾಡಿಯನ್ನು ಏರಿಸಲು ಸುಮಾರು 55 ಕಿಲೊ ಬಲ ಹಾಕಬೇಕು. ಎಂಟು ಅಡಿಯ ಹಲಗೆಗೆ 41 ಕಿಲೊ, ಹತ್ತು ಅಡಿಯ ಹಲಗೆಗೆ 33 ಕಿಲೊ ಸಾಕು. ಹಲಗೆ ಉದ್ದವಾದಷ್ಟೂ ಕೆಲಸ ಹಗುರ. ಆದರೆ ಉದ್ದ ಹಲಗೆ ನಡುವೆ ಬಾಗುತ್ತದೆ. ಎರಡು ಅಂಗುಲ ದಪ್ಪದ, ಗಂಟಿಲ್ಲದ ಮರವನ್ನೇ ಆರಿಸಿ, ನಡುವೆ ಕೆಳಗೊಂದು ಕಲ್ಲನ್ನೋ ದಿಮ್ಮಿಯನ್ನೋ ಕೊಡುವುದು ಒಳ್ಳೆಯದು. ಹಲಗೆಯ ಮೇಲ್ತುದಿಯನ್ನು ಟ್ರೇಲರಿಗೆ ಹಗ್ಗದಿಂದ ಕಟ್ಟಬೇಕು. ಹಾಗೆ ಕಟ್ಟದಿದ್ದರೆ, ಗಾಡಿಯ ಹಿಂದಿನ ಚಕ್ರ ಹಲಗೆ ಹತ್ತುವ ಹೊತ್ತಿಗೆ ಹಲಗೆ ಹಿಂದಕ್ಕೆ ಜಾರಿ ಬೀಳುತ್ತದೆ.

ಹಲಗೆಗಿಂತಲೂ ಸುಲಭವಾದ ಉಪಾಯ ರೈತರ ಹೊಲದಲ್ಲೇ ಇದೆ. ಎತ್ತರದ ಬದು, ಕಾಲುವೆಯ ಏರಿ, ತಗ್ಗು ಗದ್ದೆಯ ಪಕ್ಕದ ದಿಣ್ಣೆ, ಹೀಗೆ ಎರಡು ಮೂರು ಅಡಿ ಎತ್ತರದ ಗಟ್ಟಿ ನೆಲವಿದ್ದರೆ ಟ್ರೇಲರಿನ ಹಿಂಭಾಗವನ್ನು ಅದಕ್ಕೆ ತಾಗಿಸಿ ನಿಲ್ಲಿಸಿದರಾಯಿತು. ಗಿಡ್ಡ ಹಲಗೆಯೊಂದರ ಮೇಲೆ ಗಾಡಿ ಸರಾಗವಾಗಿ ಒಳಕ್ಕೆ ಹೋಗುತ್ತದೆ. ಹೊಸದಾಗಿ ತೋಡಿದ ಮಣ್ಣಿನ ಏರಿಯಾದರೆ ಬೇಡ, ಅದು ಕುಸಿಯುತ್ತದೆ.

ಗಾಡಿಯ ಮೇಲೆ ಕುಳಿತು, ಎಂಜಿನ್ ಚಾಲೂ ಮಾಡಿ ಹಲಗೆ ಹತ್ತಿಸುವ ಸಾಹಸ ಬೇಡ. ನಡುದಾರಿಯಲ್ಲಿ ಎಂಜಿನ್ ನಿಂತರೆ ಕಾಲೂರಲು ನೆಲವೇ ಇರುವುದಿಲ್ಲ. ಇಬ್ಬರು ಎರಡು ಬದಿಯಲ್ಲಿ, ಒಬ್ಬರು ಹಿಂದೆ ನಿಂತು ತಳ್ಳುವುದು ಸರಿ. ಹ್ಯಾಂಡಲ್ ಹಿಡಿದವರು ನಡೆದು ಹತ್ತಲು ಪಕ್ಕದಲ್ಲಿ ಇನ್ನೊಂದು ಹಲಗೆ ಇರಲಿ.

ನಿಲ್ಲಿಸುವುದು

ಗಾಡಿಯನ್ನು ಟ್ರೇಲರಿನ ಅಗಲದ ನಟ್ಟನಡುವೆ, ಮುಂದಿನ ಚಕ್ರ ಟ್ರೇಲರಿನ ಮುಂಗೋಡೆಗೆ ಒತ್ತಿಕೊಂಡಿರುವಂತೆ ನೇರವಾಗಿ ನಿಲ್ಲಿಸಬೇಕು. ಆಗ ಬ್ರೇಕಿನ ತಳ್ಳಾಟದ ಬಹುಪಾಲನ್ನು ಗೋಡೆಯೇ ತಡೆಯುತ್ತದೆ, ಹಗ್ಗಕ್ಕೆ ಅಷ್ಟು ಕೆಲಸ ಕಡಿಮೆ. ಒಂದು ದಪ್ಪ ಹಲಗೆಯ ಮೇಲೆ ಎರಡು ರೀಪುಗಳನ್ನು ಟೈರಿನ ಅಗಲಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಅಂತರ ಬಿಟ್ಟು ಹೊಡೆದು, ಆ ಸಂದಿಯಲ್ಲಿ ಮುಂದಿನ ಚಕ್ರವನ್ನು ಕೂರಿಸಿದರೆ ಚಕ್ರ ಪಕ್ಕಕ್ಕೆ ಸರಿಯುವುದಿಲ್ಲ. ಇದು ಬಡಗಿಗೆ ಅರ್ಧ ಗಂಟೆಯ ಕೆಲಸ. ಅದಿಲ್ಲದಿದ್ದರೆ ಅರೆ ತುಂಬಿದ ಮರಳು ಚೀಲಗಳನ್ನು ಚಕ್ರದ ಎರಡೂ ಬದಿಗೆ ಒತ್ತಿ ಇಡಬಹುದು. ಮರಳಿನ ಭಾರದಿಂದ ಟ್ರೇಲರಿನ ಕುಕ್ಕಾಟವೂ ಸ್ವಲ್ಪ ತಗ್ಗುತ್ತದೆ. ತಗಡಿನ ತಳ ಒದ್ದೆಯಾಗಿದ್ದರೆ ಟೈರು ಜಾರುತ್ತದೆ, ಗೋಣಿಚೀಲ ಹಾಸಬೇಕು.

ಗಾಡಿಯನ್ನು ಒಂದನೆಯ ಗೇರಿನಲ್ಲಿಡಬೇಕು. ಹಿಂದಿನ ಚಕ್ರ ಉರುಳದಿರಲು ಇದು ಸಾಕು. ಸ್ಟ್ಯಾಂಡನ್ನು ಕಟ್ಟುವ ತನಕ ಮಾತ್ರ ಬಳಸಿ, ಹಗ್ಗ ಬಿಗಿಯುವ ಮೊದಲು ಮೇಲಕ್ಕೆ ಮಡಚಬೇಕು. ಆಗ ಗಾಡಿಯನ್ನು ನೆಟ್ಟಗೆ ಹಿಡಿಯಲು ಒಬ್ಬರು ಬೇಕು. ಟ್ರೇಲರಿನೊಳಗೆ ಹಿಡಿಯುವವರ ಕೆಲಸ ಅಷ್ಟು ಹೊತ್ತು ಮಾತ್ರ.

ಪಂಚರಾದ ಗಾಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅರ್ಧ ಗಾಳಿಯಿರುವ ಟೈರಿನ ಮೇಲೆ ಗಾಡಿಯನ್ನು ಬಿಗಿದರೆ, ದಾರಿಯಲ್ಲಿ ಉಳಿದ ಗಾಳಿಯೂ ಹೋಗಿ ಗಾಡಿ ತಗ್ಗುತ್ತದೆ, ಎಲ್ಲ ಹಗ್ಗಗಳೂ ಒಟ್ಟಿಗೆ ಸಡಿಲವಾಗುತ್ತವೆ. ಅಂಥ ಟೈರಿನ ಗಾಳಿಯನ್ನು ಪೂರ್ತಿ ತೆಗೆದು, ಅನಂತರ ಕಟ್ಟುವುದೇ ಲೇಸು.

ಕಟ್ಟುವುದು

ಮುಖ್ಯವಾದ ಮಾತು ಇಲ್ಲಿದೆ. ಗಾಡಿಯನ್ನು ಹಗ್ಗ ಪಕ್ಕಕ್ಕೆ ಎಳೆದರೆ ಸಾಲದು, ಕೆಳಕ್ಕೆ ಎಳೆಯಬೇಕು.

ಹ್ಯಾಂಡಲಿನ ಕೆಳಗೆ ಗಾಡಿಯಲ್ಲಿ ಹಗ್ಗ ಹಾಕುವ ಜಾಗ ಟ್ರೇಲರಿನ ತಳದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಟ್ರೇಲರಿನ ಪಕ್ಕದ ಹಲಗೆ ಎರಡು ಅಡಿ ಎತ್ತರ, ನಡುವಿನಿಂದ ಮೂರು ಅಡಿ ದೂರ ಎಂದಿಟ್ಟುಕೊಳ್ಳೋಣ. ಹಗ್ಗವನ್ನು ಎರಡು ಅಡಿ ಮುಂದಕ್ಕೆ ಒಯ್ದು ಪಕ್ಕದ ಹಲಗೆಯ ಮೇಲಂಚಿಗೆ ಕಟ್ಟಿದರೆ ಅದು ಹೆಚ್ಚುಕಡಿಮೆ ಅಡ್ಡಡ್ಡವಾಗಿ ನಿಲ್ಲುತ್ತದೆ. 60 ಕಿಲೊ ಬಲದಿಂದ ಬಿಗಿದರೂ ಗಾಡಿಯನ್ನು ಕೆಳಕ್ಕೆ ಒತ್ತುವ ಪಾಲು ಸುಮಾರು 8 ಕಿಲೊ ಮಾತ್ರ. ಅದೇ ಹಗ್ಗವನ್ನು ಅದೇ ಬಲದಿಂದ ತಳದ ಅಂಚಿನಲ್ಲಿರುವ ಬಳೆಗೆ ಕಟ್ಟಿದರೆ ಕೆಳಕ್ಕೆ ಒತ್ತುವ ಪಾಲು ಸುಮಾರು 35 ಕಿಲೊ ಆಗುತ್ತದೆ. ಎರಡು ಬದಿಗೂ ಸೇರಿ 70 ಕಿಲೊ. ಹಗ್ಗ ಹೊಸದೋ ಹಳೆಯದೋ ಎನ್ನುವುದಕ್ಕಿಂತ ಅದರ ಕೆಳತುದಿ ಎಲ್ಲಿದೆ ಎಂಬುದೇ ಇಲ್ಲಿ ಲೆಕ್ಕಕ್ಕೆ ಬರುವುದು. ಪಕ್ಕದ ಹಲಗೆಗಳು ಕೀಲು ಚಿಲಕಗಳ ಮೇಲೆ ನಿಂತಿರುವಂಥವು. ಕುಕ್ಕಾಟಕ್ಕೆ ಚಿಲಕ ಹಾರಿದರೆ ಹಲಗೆಯೊಂದಿಗೆ ಹಗ್ಗವೂ ಹೋಗುತ್ತದೆ.

ಹೆಚ್ಚಿನ ಟ್ರೇಲರುಗಳಲ್ಲಿ ಒಳಗಡೆ ಬಳೆಗಳಿರುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ 12 ಮಿ.ಮೀ. ದಪ್ಪದ ಸರಳಿನಿಂದ ನಾಲ್ಕು ಬಳೆ ಮಾಡಿಸಿ, ಎರಡನ್ನು ಮುಂದೆ, ಎರಡನ್ನು ಹಿಂದೆ, ತಳದ ಎರಡೂ ಅಂಚಿಗೆ ಕೂರಿಸಬೇಕು. ಬಳೆಯ ಬೆಸುಗೆ ಕೆಳಗಿನ ಚಾಸಿಯ ಕಬ್ಬಿಣಕ್ಕೇ ಬೀಳಬೇಕು, ತಳದ ತಗಡಿಗೆ ಬಿದ್ದರೆ ತಗಡೇ ಹರಿದು ಬರುತ್ತದೆ. ಒಮ್ಮೆ ಹಾಕಿಸಿದರೆ ಪಂಪುಸೆಟ್ಟು, ಡ್ರಮ್ಮು, ಔಷಧಿ ಸಿಂಪಡಿಸುವ ಯಂತ್ರ ಯಾವುದನ್ನು ಸಾಗಿಸಲೂ ಇವು ಬರುತ್ತವೆ.

ಗಾಡಿಯ ಕಡೆಯಲ್ಲಿ, ಮುಂದಿನ ಎರಡು ಫೋರ್ಕುಗಳನ್ನು ಹ್ಯಾಂಡಲಿನ ಕೆಳಗೆ ಅಡ್ಡಲಾಗಿ ಜೋಡಿಸಿರುವ ಗಟ್ಟಿ ಕಬ್ಬಿಣಕ್ಕೆ ಹಗ್ಗ ಹಾಕಬೇಕು. ಹ್ಯಾಂಡಲಿನ ತುದಿಗೆ ಹಾಕಿದರೆ ಹ್ಯಾಂಡಲು ತಿರುಚಿಕೊಳ್ಳುತ್ತದೆ. ಕನ್ನಡಿ, ಇಂಡಿಕೇಟರು, ಮಡ್‌ಗಾರ್ಡುಗಳಿಗೆ ಕಟ್ಟುವ ಮಾತೇ ಇಲ್ಲ. ಹಗ್ಗದಡಿಯಲ್ಲಿ ಕ್ಲಚ್ಚಿನ, ಆಕ್ಸಿಲರೇಟರಿನ ಕೇಬಲ್ಲುಗಳಾಗಲಿ ಬ್ರೇಕಿನ ಕೊಳವೆಯಾಗಲಿ ಸಿಕ್ಕಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಬೇಕು. ಹಿಂಭಾಗದಲ್ಲಿ ಸೀಟಿನ ಹಿಂದಿನ ಹಿಡಿ ಚೌಕಟ್ಟಿಗೆ ಗಟ್ಟಿಯಾಗಿ ಬೋಲ್ಟಾಗಿದ್ದರೆ ಅದಕ್ಕೆ, ಇಲ್ಲದಿದ್ದರೆ ಹಿಂದೆ ಕುಳಿತವರು ಕಾಲಿಡುವ ಗೂಟದ ಬುಡಕ್ಕೆ ಹಗ್ಗ ಹಾಕಬಹುದು. ಸೀರೆ ಗಾರ್ಡು ನೋಡಲು ಗಟ್ಟಿಯಾಗಿ ಕಂಡರೂ ತೆಳು ಸರಳಿನದು, ಅದನ್ನು ನಂಬಬಾರದು. ಸ್ಕೂಟರಿನಲ್ಲಿ ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಅಡಗಿರುವುದರಿಂದ, ಕಾಲಿಡುವ ತಳದ ಮೇಲೆ ಗೋಣಿ ಹಾಕಿ ಅಗಲವಾದ ಬೆಲ್ಟನ್ನು ಅಡ್ಡ ಹಾಯಿಸಿ ಕೆಳಕ್ಕೆ ಬಿಗಿಯುವುದೇ ಸೂಕ್ತ.

ಮೊದಲು ಮುಂದಿನ ಎರಡು ಹಗ್ಗ. ಅವು ಗಾಡಿಯಿಂದ ಕೆಳಕ್ಕೆ, ಹೊರಕ್ಕೆ, ತುಸು ಮುಂದಕ್ಕೆ ಹೋಗಬೇಕು. ಹಗ್ಗ ಬಿಗಿಯುವಾಗ ಒಬ್ಬರು ಹ್ಯಾಂಡಲಿನ ಮೇಲೆ ಮೈಭಾರ ಹಾಕಿ ಒತ್ತಿ ಹಿಡಿಯಬೇಕು. ಮುಂದಿನ ಶಾಕ್ ಅಬ್ಸಾರ್ಬರು ಮೂರು ಬೆರಳಿನಷ್ಟು, ಎಂದರೆ ಸುಮಾರು ಐದು ಸೆಂಟಿಮೀಟರು ಇಳಿದರೆ ಸಾಕು. ಅಷ್ಟು ಅದುಮಿದ ಸ್ಪ್ರಿಂಗು ಸದಾ ಮೇಲಕ್ಕೆ ಒತ್ತುತ್ತಿರುವುದರಿಂದ, ಟ್ರೇಲರು ಕುಕ್ಕಿದಾಗಲೂ ಹಗ್ಗ ಸಡಿಲವಾಗುವುದಿಲ್ಲ. ಸ್ಪ್ರಿಂಗು ತಳ ಮುಟ್ಟುವಂತೆ ಬಿಗಿಯುವುದು ತಪ್ಪು. ಕುಕ್ಕಾಟವನ್ನು ನುಂಗಲು ಆಗ ಏನೂ ಉಳಿಯುವುದಿಲ್ಲ. ಹಾಗೆಯೇ ದಿನಗಟ್ಟಲೆ ಬಿಟ್ಟರೆ ಫೋರ್ಕಿನ ಆಯಿಲ್ ಸೀಲು ಕೆಡಬಹುದು. ಒಂದು ಬದಿಯನ್ನು ಪೂರ್ತಿ ಬಿಗಿದು ಮತ್ತೊಂದಕ್ಕೆ ಹೋಗದೆ, ಎರಡನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಅನಂತರ ಹಿಂದಿನ ಎರಡನ್ನು ಕೆಳಕ್ಕೆ, ಹೊರಕ್ಕೆ, ಹಿಂದಕ್ಕೆ ಹೋಗುವಂತೆ ಕಟ್ಟಬೇಕು. ಇವು ಮುಂದಿನವುಗಳಷ್ಟು ಬಿಗಿ ಇರಬೇಕಿಲ್ಲ, ಹಿಂಬದಿ ಪಕ್ಕಕ್ಕೆ ಕುಣಿಯದಂತೆ ತಡೆದರೆ ಆಯಿತು.

ಕಟ್ಟಿದ ಮೇಲೆ ಹ್ಯಾಂಡಲು ಹಿಡಿದು ಜೋರಾಗಿ ಅಲುಗಿಸಿ ನೋಡಬೇಕು. ಗಾಡಿಯೊಂದೇ ಅಲುಗಿದರೆ ಕಟ್ಟು ಸಾಲದು, ಗಾಡಿಯ ಜೊತೆ ಟ್ರೇಲರೂ ಅಲುಗಿದರೆ ಸರಿಯಾಗಿದೆ.

ಯಾವ ಹಗ್ಗ?

ತೆಂಗಿನ ನಾರಿನ ಹಗ್ಗ ಹುಲ್ಲಿನ ಹೊರೆಗೆ ಒಳ್ಳೆಯದು, ಈ ಕೆಲಸಕ್ಕೆ ಬೇಡ. ಹತ್ತಿ, ಸೆಣಬಿನ ಹಗ್ಗಗಳು ನೆನೆದಾಗ ಕುಗ್ಗಿ ಬಿಗಿಯಾಗುತ್ತವೆ, ಒಣಗಿದಾಗ ಸಡಿಲವಾಗುತ್ತವೆ. ಬೆಳಗಿನ ಇಬ್ಬನಿಯಲ್ಲಿ ನೆನೆದ ಹಗ್ಗದಿಂದ ಕಟ್ಟಿ ಬಿಸಿಲಿನಲ್ಲಿ ಹೊರಟವರಿಗೆ ಇದರ ಅನುಭವವಾಗುತ್ತದೆ. ನೈಲಾನ್ ಗಟ್ಟಿ, ಆದರೆ ಹಿಗ್ಗುವ ಗುಣ ಹೆಚ್ಚು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನಿನದು. 10ರಿಂದ 12 ಮಿ.ಮೀ. ದಪ್ಪದ್ದಾದರೆ ಬಲಕ್ಕೆ ಕೊರತೆಯಿಲ್ಲ. ಆದರೆ ಬಿಸಿಲಿಗೆ ಬಿದ್ದು ಬಿದ್ದು ಎಳೆ ಪುಡಿಯಾಗುವ ಹಳೆಯ ಹಗ್ಗ ಬೇಡ. ಅದು ಸುಮಾರು 165 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುತ್ತದೆ ಎಂಬುದನ್ನೂ ಮರೆಯಬಾರದು. ಆಗತಾನೆ ಓಡಿ ಬಂದ ಗಾಡಿಯ ಸೈಲೆನ್ಸರ್ ಕೊಳವೆ ಅದಕ್ಕಿಂತಲೂ ಬಿಸಿಯಾಗಿರಬಹುದು. ಯಾವುದೇ ಹಗ್ಗವಾಗಲಿ, ಗಂಟು ಹಾಕಿದ ಜಾಗದಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಈಚೆಗೆ ಲಾರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಹಲ್ಲುಚಕ್ರದ ಹಿಡಿಯಿರುವ ಪಾಲಿಯೆಸ್ಟರ್ ಬೆಲ್ಟು ಎಲ್ಲಕ್ಕಿಂತ ಉತ್ತಮ. ಹಿಗ್ಗುವುದು ಕಡಿಮೆ, ಬಿಗಿಯುವುದು ಸುಲಭ. ಎಷ್ಟು ಭಾರಕ್ಕೆ ಬಳಸಬಹುದೆಂದು ಅದರ ಪಟ್ಟಿಯ ಮೇಲೆ ಬರೆದಿರುತ್ತದೆ. ಊರಿನ ಸಹಕಾರ ಸಂಘವೋ ಯುವಕ ಸಂಘವೋ ನಾಲ್ಕು ಬೆಲ್ಟು ಇಟ್ಟುಕೊಂಡರೆ ಎಲ್ಲರ ಉಪಯೋಗಕ್ಕೂ ಬರುತ್ತವೆ.

ಬೆಲ್ಟಿಲ್ಲದಿದ್ದರೆ ಲಾರಿಗೆ ಹೊರೆ ಕಟ್ಟುವವರ ಪದ್ಧತಿಯನ್ನು ಅನುಸರಿಸಬಹುದು. ಹಗ್ಗದ ಒಂದು ತುದಿಯನ್ನು ಗಾಡಿಗೆ ಕಟ್ಟಿದ ಮೇಲೆ, ಬಳೆಯಿಂದ ಒಂದೂವರೆ ಅಡಿ ಮೇಲೆ ಹಗ್ಗದಲ್ಲೇ ಒಂದು ಕುಣಿಕೆ ಮಾಡಬೇಕು. ಇನ್ನೊಂದು ತುದಿಯನ್ನು ಬಳೆಯಲ್ಲಿ ತೂರಿಸಿ, ಮೇಲಕ್ಕೆ ತಂದು, ಆ ಕುಣಿಕೆಯಲ್ಲಿ ಹಾಯಿಸಿ ಕೆಳಕ್ಕೆ ಎಳೆಯಬೇಕು. ಲೆಕ್ಕಕ್ಕೆ ಕೈಬಲದ ಮೂರು ಪಟ್ಟು ಬಿಗಿ ಸಿಗಬೇಕು. ಹಗ್ಗ ಉಜ್ಜುವುದರಿಂದ ಅಷ್ಟು ಸಿಗದಿದ್ದರೂ ಬರಿ ಎಳೆತಕ್ಕಿಂತ ಎಷ್ಟೋ ಮೇಲು. ಹಗ್ಗದ ನಡುವೆ ಕೋಲು ಹಾಕಿ ತಿರುಚಿ ಬಿಗಿಯುವ ರೂಢಿಯೂ ಇದೆ. ಬಿಗಿ ಚೆನ್ನಾಗಿಯೇ ಬರುತ್ತದೆ, ಆದರೆ ಕೋಲು ಕೈತಪ್ಪಿದರೆ ಮುಖಕ್ಕೆ ಹೊಡೆಯುತ್ತದೆ; ದಾರಿಯಲ್ಲಿ ಬಿಚ್ಚಿಕೊಳ್ಳದಂತೆ ಕೋಲನ್ನೂ ಕಟ್ಟಬೇಕಾಗುತ್ತದೆ.

ಪೆಟ್ರೋಲು ಮತ್ತು ಹುಲ್ಲು

ಹುಲ್ಲು ಸಾಗಿಸಿದ ಟ್ರೇಲರಿಗೆ ಹಾಗೆಯೇ ಗಾಡಿ ಏರಿಸುವುದು ಬೆಂಕಿಯೊಡನೆ ಆಟ. ರಾಗಿ ಹುಲ್ಲು, ಕಬ್ಬಿನ ರವದಿ, ಜೋಳದ ಸೊಪ್ಪೆಯ ಚೂರುಗಳು ತಳದಲ್ಲಿ ಉಳಿದಿರುತ್ತವೆ. ಅವುಗಳ ಮೇಲೆ ಬಿಸಿ ಸೈಲೆನ್ಸರು, ಅದರ ಮೇಲೆ ತೊಟ್ಟಿಕ್ಕುವ ಪೆಟ್ರೋಲು. ಮೊದಲು ಟ್ರೇಲರನ್ನು ಗುಡಿಸಬೇಕು, ಎಂಜಿನ್ ಆರಲು ಅರ್ಧ ಗಂಟೆ ಬಿಡಬೇಕು. ಕಾರ್ಬುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಪೆಟ್ರೋಲಿನ ನಲ್ಲಿಯನ್ನು ತಪ್ಪದೆ ಮುಚ್ಚಬೇಕು. ತೆರೆದಿದ್ದರೆ ಗಾಡಿ ವಾಲಿದಾಗ ಕಾರ್ಬುರೇಟರಿನ ಕೊಳವೆಯಿಂದ ಪೆಟ್ರೋಲು ಹರಿಯುತ್ತದೆ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಿನ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲಿನ ಪಂಪು ಕೀಲಿ ತಿರುಗಿಸಿದಾಗ ಮಾತ್ರ ನಡೆಯುವುದರಿಂದ ಕೀಲಿ ತೆಗೆದಿಟ್ಟುಕೊಂಡರೆ ಸಾಕು. ಟ್ಯಾಂಕು ಅಂಚಿನವರೆಗೆ ತುಂಬಿರಬಾರದು, ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ. ಗಾಡಿಯ ಪಕ್ಕದಲ್ಲಿ ಬೀಜದ ಚೀಲ, ಹಿಂಡಿ, ದವಸ ಯಾವುದನ್ನೂ ಇಡದಿರುವುದೇ ಕ್ಷೇಮ.

ದಾರಿಯಲ್ಲಿ

ಹೊರಟು ಒಂದು ಕಿಲೊಮೀಟರು ಹೋದೊಡನೆ ನಿಲ್ಲಿಸಿ ಹಗ್ಗಗಳನ್ನು ನೋಡಬೇಕು. ಹೊಸದಾಗಿ ಹಾಕಿದ ಗಂಟುಗಳು ಕೂರುವುದು, ಹಗ್ಗ ಹಿಗ್ಗುವುದು ಈ ಮೊದಲ ಕಿಲೊಮೀಟರಿನಲ್ಲೇ ಹೆಚ್ಚು. ಸಡಿಲವಾದುದನ್ನು ಬಿಗಿದ ಮೇಲೆ ಹತ್ತು ಹದಿನೈದು ಕಿಲೊಮೀಟರಿಗೊಮ್ಮೆ ನೋಡಿದರೆ ಸಾಕು. ಹದಗೆಟ್ಟ ರಸ್ತೆಯಲ್ಲಿ ಗಂಟೆಗೆ 15ರಿಂದ 20 ಕಿ.ಮೀ.ಗಿಂತ ಹೆಚ್ಚಿನ ವೇಗ ಬೇಡ. ಉಬ್ಬುಗಳನ್ನು ಎರಡೂ ಚಕ್ರ ಒಟ್ಟಿಗೆ ಏರುವಂತೆ ನೇರವಾಗಿ ದಾಟಬೇಕು. ಓರೆಯಾಗಿ ಏರಿದರೆ ಟ್ರೇಲರು ಒಂದು ಬದಿಗೆ ವಾಲಿ, ಒಂದೇ ಬದಿಯ ಹಗ್ಗಗಳ ಮೇಲೆ ಭಾರವೆಲ್ಲ ಬೀಳುತ್ತದೆ. ಸರಕು ಸಾಗಿಸುವ ಸಣ್ಣ ನಾಲ್ಕು ಚಕ್ರದ ಗಾಡಿ ಸಿಗುವಂತಿದ್ದರೆ, ಸ್ಪ್ರಿಂಗ್ ಪಟ್ಟಿಗಳಿರುವುದರಿಂದ ದೂರದ ದಾರಿಗೆ ಅದೇ ಮೇಲು. ಕಟ್ಟುವ ಕ್ರಮ ಅಲ್ಲಿಯೂ ಇದೇ.

ಇಳಿಸುವುದು

ಏರಿಸುವಾಗ ಇರುವಷ್ಟು ಎಚ್ಚರ ಇಳಿಸುವಾಗ ಇರುವುದಿಲ್ಲ. ಊರು ಮುಟ್ಟಿದ ಆತುರ, ಕತ್ತಲಾಗಿರುತ್ತದೆ, ಸಹಾಯಕ್ಕೆ ಇದ್ದವರು ಚದುರಿರುತ್ತಾರೆ. ಗಾಡಿಯನ್ನು ಇಬ್ಬರು ಎರಡು ಬದಿಯಲ್ಲಿ ಹಿಡಿಯದೆ ಒಂದು ಹಗ್ಗವನ್ನೂ ಬಿಚ್ಚಬಾರದು. ಮೊದಲು ಹಿಂದಿನವು, ಅನಂತರ ಮುಂದಿನವು. ಅದುಮಿದ ಸ್ಪ್ರಿಂಗು ಮುಂಭಾಗವನ್ನು ಮೇಲಕ್ಕೆ ಎತ್ತುವುದರಿಂದ ಮುಂದಿನ ಹಗ್ಗಗಳನ್ನು ನಿಧಾನವಾಗಿ ಸಡಿಲಿಸಬೇಕು.

ಗಾಡಿಯನ್ನು ಹಿಂದುಹಿಂದಾಗಿ ಹಲಗೆಯ ಮೇಲೆ ಇಳಿಸುವಾಗ ಭಾರವೆಲ್ಲ ಕೆಳಗಿರುವ ಹಿಂದಿನ ಚಕ್ರದ ಮೇಲಿರುತ್ತದೆ. ಮುಂದಿನ ಚಕ್ರ ಹಗುರವಾಗಿರುವುದರಿಂದ ಕೈಬ್ರೇಕು ಒತ್ತಿದರೂ ಅದು ಜಾರುತ್ತದೆ. ಪಕ್ಕದಲ್ಲಿ ನಡೆಯುವವರಿಗೆ ಹಿಂದಿನ ಬ್ರೇಕಿನ ಕಾಲಹಿಡಿ ಎಟುಕುವುದಿಲ್ಲ. ಇದಕ್ಕೆ ಸುಲಭವಾದ ಉಪಾಯವಿದೆ: ಗಾಡಿಯನ್ನು ಒಂದನೆಯ ಗೇರಿನಲ್ಲೇ ಬಿಟ್ಟು, ಎಂಜಿನ್ ನಿಲ್ಲಿಸಿಯೇ, ಎಡಗೈಯಿಂದ ಕ್ಲಚ್ಚು ಹಿಡಿಯಬೇಕು. ಕ್ಲಚ್ಚು ಒತ್ತಿದಾಗ ಗಾಡಿ ಇಳಿಯುತ್ತದೆ, ಬಿಟ್ಟಾಗ ಹಿಂದಿನ ಚಕ್ರ ನಿಲ್ಲುತ್ತದೆ. ಅಂಗುಲ ಅಂಗುಲವಾಗಿ ಇಳಿಸಬಹುದು. ಗೇರಿಲ್ಲದ ಸ್ಕೂಟರು ಮೊಪೆಡ್ಡುಗಳಿಗೆ ಇದು ನಡೆಯುವುದಿಲ್ಲ, ಅವುಗಳ ಮುಂಭಾಗಕ್ಕೆ ಉದ್ದ ಹಗ್ಗ ಕಟ್ಟಿ, ಅದನ್ನು ಟ್ರೇಲರಿನ ಬಳೆಗೆ ಒಂದು ಸುತ್ತು ಹಾಕಿ, ಒಬ್ಬರು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ ಬರಬೇಕು.

ಇಳಿಸಿದ ಮೇಲೆ ಗಾಡಿ ಏರುವ ಮೊದಲು ಹ್ಯಾಂಡಲು ಎರಡೂ ಬದಿಗೆ ಸರಾಗವಾಗಿ ತಿರುಗುವುದೇ, ಬ್ರೇಕು ಹಿಡಿಯುವುದೇ, ಪೆಟ್ರೋಲು ಸೋರಿದೆಯೇ ಎಂದು ನೋಡಬೇಕು. ಹಗ್ಗಗಳನ್ನು ಸುತ್ತಿಡುವಾಗ ಬಳೆಗೆ ಉಜ್ಜಿ ತೇಯ್ದ ಜಾಗ ಕಂಡರೆ, ಆ ಹಗ್ಗವನ್ನು ಹುಲ್ಲಿನ ಹೊರೆಗೆ ಬಿಟ್ಟು, ಮುಂದಿನ ಸಲಕ್ಕೆ ಬೇರೆ ಹಗ್ಗ ತೆಗೆದಿಡಬೇಕು.